ತಾಟಿನ ಹಿಂದಿನ ಚುಕ್ಕಿ

ನಾನು ಕೊಟ್ಟೂರಿನ ಒಂದು ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಪಾತ್ರೆಗಳ ಮೇಲೆ ಹೆಸರು ಹಾಕುವ ಕೆಲಸ ಮಾಡುತ್ತೇನೆ. ಮದುವೆಗೆ ಕೊಡ, ಹೊಸ ಮನೆಗೆ ಡಬ್ಬಿ, ತೊಟ್ಟಿಲಿಗೆ ಹಾಕುವ ಮಗುವಿಗೆ ಬಟ್ಟಲು, ಯಾರು ಏನು ಕೊಂಡರೂ ಕೊನೆಗೆ ನನ್ನ ಮುಂದೆ ಬಂದು ನಿಲ್ಲುತ್ತಾರೆ. ಅವರು ಚೀಟಿಯಲ್ಲಿ ಬರೆದುಕೊಟ್ಟ ಹೆಸರನ್ನು ನಾನು ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಹೊಡೆಯುತ್ತೇನೆ. ಅಂಗಡಿಯಲ್ಲಿ ಕರೆಂಟಿನ ಮಷಿನ್ನೂ ಇದೆ. ಆದರೂ ಕೈಯಲ್ಲಿ ಹಾಕಿಸಿಕೊಂಡವರು ಮತ್ತೆ ಕೈಯನ್ನೇ ಕೇಳಿಕೊಂಡು ಬರುತ್ತಾರೆ.

ನಾನು ಓದಿದ್ದು ಐದನೇ ತರಗತಿ. ಅಪ್ಪ ಸತ್ತ ವರ್ಷ ಶಾಲೆ ಬಿಟ್ಟೆ. ಆಗ ತಂಗಿ ಇನ್ನೂ ಅವ್ವನ ಹೊಟ್ಟೆಯಲ್ಲಿದ್ದಳು. ಒತ್ತಕ್ಷರಗಳನ್ನೆಲ್ಲ ನಾನು ಕಲಿತದ್ದು ಶಾಲೆಯಲ್ಲಲ್ಲ, ಕೊಡಗಳ ಕಂಠದ ಮೇಲೆ. ಸಣ್ಣವನಿದ್ದಾಗ ಮೇವು ಕತ್ತರಿಸುವಾಗ ಎಡಗೈ ಹೆಬ್ಬೆರಳಿನ ತುದಿ ಹೋಗಿದೆ. ಅದರಿಂದ ಉಳಿಯನ್ನು ನೆಟ್ಟಗೆ ಹಿಡಿಯಲು ಬರುವುದಿಲ್ಲ. ನಾನು ಹೊಡೆದ ಚುಕ್ಕಿ ಗುಂಡಗಿರುವುದಿಲ್ಲ, ಎಳ್ಳಿನ ಕಾಳಿನಂತೆ ಒಂದು ಕಡೆ ಚೂಪಾಗಿರುತ್ತದೆ. ಇದನ್ನು ಗುರುತಿಸುವವರು ಲೋಕದಲ್ಲಿ ಇಬ್ಬರೇ. ಒಬ್ಬ ನಾನು. ಇನ್ನೊಬ್ಬಳು ನನ್ನ ತಂಗಿ. ರಜೆಯ ದಿನ ನಾನು ಮನೆಯಲ್ಲಿ ಅವ್ವನ ಚೊಂಬಿಗೆ, ಊಟದ ಗಂಗಾಳಕ್ಕೆ ಹೆಸರು ಹಾಕುವಾಗ ಅವಳು ಪಕ್ಕದಲ್ಲಿ ಕೂತು, "ಅಣ್ಣಾ, ನಿನ್ನ ಚುಕ್ಕಿಗೆ ಬಾಲ ಐತಿ" ಎಂದು ನಗುತ್ತಿದ್ದಳು.

ನಮ್ಮೂರು ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಸಿಗುತ್ತದೆ. ನಮ್ಮ ಮನೆ ಕೇರಿಯಲ್ಲಿದೆ. ಊರಿನವರ ಅಡುಗೆಮನೆಯೊಳಗೆ ನಾವು ಕಾಲಿಡುವುದಿಲ್ಲ. ಆದರೆ ಆ ಅಡುಗೆಮನೆಗಳ ಎಷ್ಟೋ ಪಾತ್ರೆಗಳು ನನ್ನ ತೊಡೆಯ ಮೇಲೆ ಕೂತು ಹೋಗಿವೆ. ಅಂಗಡಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ನಾನು ಸೇರಿದ ದಿನವೇ ಸಾವ್ಕಾರರು ಹೇಳಿದ್ದರು: "ನಿನ್ನ ಕೈ ಚೊಲೋ ಐತಿ. ಕೇರಿ ಸುದ್ದಿ ಮಾತ್ರ ಇಲ್ಲಿ ಬ್ಯಾಡ. ಯಾರರ ಕೇಳಿದ್ರ ಊರ ಹೆಸರಷ್ಟ ಹೇಳು, ಮುಂದಿಂದು ನುಂಗಿಬಿಡು." ಹನ್ನೊಂದು ವರ್ಷ ನುಂಗಿಕೊಂಡೇ ಬಂದೆ. ಆ ಅಭ್ಯಾಸವೇ ನನ್ನ ತಂಗಿಯನ್ನೂ ನುಂಗಿತು. ಅದನ್ನೇ ಇಲ್ಲಿ ಬರೆಯಬೇಕಾಗಿದೆ.

ಎರಡು ವರ್ಷದ ಹಿಂದೆ, ಶಾಲೆ ಶುರುವಾಗುವ ತಿಂಗಳಲ್ಲಿ, ನಮ್ಮೂರ ಹೈಸ್ಕೂಲಿನ ಶಾಲಾ ಸಮಿತಿಯ ಅಧ್ಯಕ್ಷರು ಅಂಗಡಿಗೆ ಬಂದರು. ಅಲ್ಲಿಯವರೆಗೆ ಮಕ್ಕಳು ಬಿಸಿಯೂಟಕ್ಕೆ ಮನೆಯಿಂದ ತಾಟು ಒಯ್ಯುತ್ತಿದ್ದರು. ಯಾರೋ ದಾನಿಗಳು ಶಾಲೆಗೆ ನೂರಾ ಇಪ್ಪತ್ತು ತಾಟು ಕೊಡಿಸಿದ್ದರು. ಅವುಗಳ ಅಂಚಿಗೆ ಶಾಲೆಯ ಹೆಸರು ಹಾಕಬೇಕಿತ್ತು. ಅಧ್ಯಕ್ಷರು ನನ್ನನ್ನು ಕಂಡೊಡನೆ ಕನ್ನಡಕ ಮೇಲೆತ್ತಿ ನೋಡಿದರು.

"ಲೇ, ನೀ ಇಲ್ಲಿ ಅದೀಯೇನು? ನಾ ನೀ ಎಲ್ಲೋ ಹೋಟ್ಲಾಗ ಅದಿ ಅನ್ಕಂಡಿದ್ದೆ."

"ಇಲ್ರಿ ಧಣಿ, ಇಲ್ಲೇ."

ಪಕ್ಕದಲ್ಲಿ ಮದುವೆಯ ಪಾತ್ರೆ ಆರಿಸುತ್ತಿದ್ದ ಹೆಂಗಸರಿದ್ದರು. ಅಧ್ಯಕ್ಷರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ನಕ್ಕರು. ನಾನು ತಲೆ ತಗ್ಗಿಸಿ ಕೈಯಲ್ಲಿದ್ದ ಕೊಡವನ್ನು ಒರೆಸತೊಡಗಿದೆ. ಅವರು ಸ್ಟೂಲು ಎಳೆದುಕೊಂಡು ನನ್ನ ಕಿವಿಯ ಹತ್ತಿರ ಬಂದರು.

"ಹೆದರಬ್ಯಾಡ. ನಾ ಯಾಕ ಹೇಳ್ಲಿ? ನಮ್ಮೂರ ಹುಡುಗ ದುಡ್ಕಂಡು ತಿಂದ್ರ ನನಗೂ ಸಂತೋಷನ. ಎಲ್ಲಾ ತಾಟಿಗೂ ಸಾಲಿ ಹೆಸರು ಹಾಕು. ಮೂವತ್ತೈದಕ್ಕ ಹಿಂದ, ತಳದಾಗ, ಒಂದು ಚುಕ್ಕಿ ಹಾಕು. ಮುಂದ ಕಾಣಬಾರದು."

ಮೂವತ್ತೈದು ಎಂದರೆ ಏನೆಂದು ನಾನು ಕೇಳಲಿಲ್ಲ. ಕೇರಿಯಿಂದ ಆ ಶಾಲೆಗೆ ಹೋಗುವ ಮಕ್ಕಳು ಎಷ್ಟೆಂದು ನನಗೆ ಗೊತ್ತಿತ್ತು. ಅವರಲ್ಲಿ ಒಬ್ಬಳು ನನ್ನ ತಂಗಿ, ಆಗ ಒಂಬತ್ತನೇ ತರಗತಿಗೆ ಕಾಲಿಟ್ಟವಳು. ಅಧ್ಯಕ್ಷರೇ ಸಮಾಧಾನ ಹೇಳುವವರ ಹಾಗೆ ಹೇಳಿದರು: "ಊರಾಗ ಗೊತ್ತಲ್ಲ, ಗುಸುಗುಸು ಅಂತಾರ. ನಮ್ಮ ಹುಡುಗ್ರು ಯಾರ ತಾಟಿನ್ಯಾಗ ಉಂಡ್ರು ಅಂತ ಕೇಳ್ತಾರ. ಊಟನ ಬಿಡಿಸಿದ್ರ ಎಲ್ಲಾ ಮಕ್ಕಳಿಗೂ ಲುಕ್ಸಾನು. ಚುಕ್ಕಿ ಯಾರಿಗೂ ಕಾಣಂಗಿಲ್ಲ, ಯಾರಿಗೂ ನೋವಿಲ್ಲ."

ಯಾರಿಗೂ ಕಾಣುವುದಿಲ್ಲ ಎಂಬ ಮಾತನ್ನು ನಾನೂ ನಂಬಿದೆ. ನಂಬಿದೆ ಎನ್ನುವುದಕ್ಕಿಂತ ನಂಬುವುದು ನನಗೆ ಅನುಕೂಲವಾಗಿತ್ತು. ಮೂವತ್ತೈದು ತಾಟುಗಳನ್ನು ಒಂದೊಂದಾಗಿ ಬೋರಲು ಹಾಕಿದೆ. ಒಂದೊಂದಕ್ಕೆ ಒಂದೇ ಪೆಟ್ಟು. ಅಷ್ಟು ಹಗುರವಾದ ಕೆಲಸವನ್ನು ಆ ಅಂಗಡಿಯಲ್ಲಿ ನಾನು ಎಂದೂ ಮಾಡಿರಲಿಲ್ಲ.

ಆ ವರ್ಷ ಶಾಲೆಗೆ ಹೊಸ ವಿಜ್ಞಾನದ ಟೀಚರ್ ಬಂದಿದ್ದರು. ಗಂಡು ಮಕ್ಕಳು ಬೆಂಚಿನ ಮೇಲೆ, ಹೆಣ್ಣು ಮಕ್ಕಳು ನೆಲದ ಮೇಲೆ ಕೂರುತ್ತಿದ್ದ ತರಗತಿಯಲ್ಲಿ ಅವರು ದಿನ ಬಿಟ್ಟು ದಿನ ಜಾಗ ಬದಲಿಸಿದರು. ಕೇರಿಯ ಹುಡುಗಿಯರು ಹಿಂದೆ, ಊರಿನವರು ಮುಂದೆ ಎಂಬುದನ್ನು ತೆಗೆದು ಹಾಜರಿ ಪುಸ್ತಕದ ಕ್ರಮದಲ್ಲಿ ಕೂರಿಸಿದರು. ವರಾಂಡದಲ್ಲಿ ಒಂದು ದೂರು ಪೆಟ್ಟಿಗೆ ಇಟ್ಟು, ಯಾರಿಗೆ ಏನು ಅನ್ಯಾಯವಾದರೂ ಹೆದರದೆ ಬರೆದು ಹಾಕಿ ಎಂದರು. ತಂಗಿಯನ್ನು ಆ ಪೆಟ್ಟಿಗೆ ನೋಡಿಕೊಳ್ಳುವ ಮಕ್ಕಳ ಗುಂಪಿಗೆ ಸೇರಿಸಿದರು. ಅವಳು ಮನೆಗೆ ಬಂದು ಅದನ್ನೆಲ್ಲ ಹೇಳುವಾಗ ಅವ್ವ ಒಲೆಯ ಮುಂದೆ ಕೂತು, "ನೋಡ್ಕಂಡು ಮಾತಾಡು ಯವ್ವಾ, ಬಾಳ ಮುಂದ ಹೋಗಬ್ಯಾಡ" ಎನ್ನುತ್ತಿದ್ದಳು. ತಂಗಿ ರೊಟ್ಟಿ ಮುರಿಯುತ್ತಾ, "ಹಿಂದ ಕುಂತು ಕುಂತು ಕುಂಡಿ ಸವದಾವ, ಇನ್ನ ಮುಂದ ಹೋಗೂದಷ್ಟ" ಎನ್ನುತ್ತಿದ್ದಳು. ಅವ್ವ ಬೈಯುತ್ತಲೇ ನಗುತ್ತಿದ್ದಳು.

ಆ ಟೀಚರ್ ಮಕ್ಕಳಿಗೆ ಒಂದು ಪಾಠ ಹೇಳಿಕೊಟ್ಟಿದ್ದರು. ಯಾವುದನ್ನೇ ಆಗಲಿ ಮೊದಲು ನೋಡಬೇಕು, ನೋಡಿದ್ದನ್ನು ಬರೆದಿಡಬೇಕು, ಆಮೇಲೆ ಹೀಗೆ ಎಂದು ಹೇಳಬೇಕು. ತಂಗಿ ಹತ್ತನೇ ತರಗತಿಗೆ ಹೋದ ಮೇಲೆ ಒಂದು ದಿನ, ಊಟವಾಗಿ ನಲ್ಲಿಯಲ್ಲಿ ತಾಟು ತೊಳೆಯುವಾಗ, ಅದರ ತಳದಲ್ಲಿ ಚುಕ್ಕಿ ಕಂಡಿತು. ಪಕ್ಕದಲ್ಲಿದ್ದ ಕೇರಿಯ ಇನ್ನೊಬ್ಬ ಹುಡುಗಿಯ ತಾಟಿನಲ್ಲೂ ಅದೇ ಚುಕ್ಕಿ. ಊರಿನ ಗೆಳತಿಯ ತಾಟಿನಲ್ಲಿ ಇಲ್ಲ. ಅವಳು ಯಾರಿಗೂ ಹೇಳಲಿಲ್ಲ. ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹತ್ತು ದಿನ ಬರೆದಳು, ಯಾರಿಗೆ ಚುಕ್ಕಿಯ ತಾಟು ಬಂತು, ಯಾರಿಗೆ ಬರಲಿಲ್ಲ ಎಂದು. ಹನ್ನೊಂದನೆಯ ದಿನ ಗೆಳತಿಯೊಂದಿಗೆ ತಾಟು ಬದಲಿಸಿಕೊಂಡಳು. ದಿನವೂ ತಾಟು ಹಂಚಿ ಬಡಿಸುವ ಮುಖ್ಯ ಅಡುಗೆಯಾಕೆ ತಾಟು ಎತ್ತಿ ಹಿಂದೆ ನೋಡಿ, ಇಬ್ಬರ ತಾಟನ್ನೂ ಮತ್ತೆ ಅದಲುಬದಲು ಮಾಡಿದಳು.

ಆ ಸಂಜೆ ನಾನು ಕೆಲಸದಿಂದ ಬಂದಾಗ ತಂಗಿ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಅವ್ವನ ಹಳೆಯ ಗಂಗಾಳವಿತ್ತು, ನಾನು ಹೆಸರು ಹಾಕಿದ್ದು.

"ಅಣ್ಣಾ, ಸಾಲಿ ತಾಟಿಗೆ ಹೆಸರು ಹಾಕಿದ್ದು ನೀನೇನು?"

"ಹೂಂ. ಅಂಗಡಿಗೆ ಬಂದಿದ್ವು."

"ಹಿಂದ ಚುಕ್ಕಿ ಯಾಕ ಹಾಕಿದಿ?"

"ಯಾವ ಚುಕ್ಕಿ? ನನಗ ಗೊತ್ತಿಲ್ಲ. ಬ್ಯಾರೆ ಯಾರೋ ಹಾಕಿರಬೇಕು."

ಅವಳು ಗಂಗಾಳವನ್ನು ದೀಪದ ಕೆಳಗೆ ಹಿಡಿದು ಅದರ ಮೇಲಿನ ಚುಕ್ಕಿಗಳ ಮೇಲೆ ಬೆರಳಾಡಿಸಿದಳು. ನನ್ನ ಮುಖ ನೋಡಲಿಲ್ಲ. "ಬಾಲ ಐತಿ ಅಣ್ಣಾ ಅದಕ್ಕ" ಎಂದಷ್ಟೇ ಹೇಳಿ ಒಳಗೆ ಹೋದಳು.

ಆ ಕ್ಷಣ ನಾನು ಹೌದು ಎಂದಿದ್ದರೆ ಸಾಕಿತ್ತು. ಹೆದರಿ ಹಾಕಿದೆ, ತಪ್ಪಾಯಿತು ಎಂದಿದ್ದರೆ ಅವಳು ಬೈದು, ಅತ್ತು, ಆಮೇಲೆ ನನ್ನ ಪಕ್ಕದಲ್ಲೇ ಉಣ್ಣಲು ಕೂರುತ್ತಿದ್ದಳು. ನಾನು ಕೈಕಾಲು ತೊಳೆದು, ಇವತ್ತು ಏನು ಸಾರು ಎಂದು ಕೇಳಿದೆ.

ಮರುದಿನ ಅವಳು ತನ್ನ ಹೆಸರು ಬರೆದೇ ದೂರು ಹಾಕಿದಳು. ಟೀಚರ್ ಅದನ್ನು ಮುಚ್ಚಿಡದೆ ಮೇಲಿನವರಿಗೆ ಕಳಿಸಿದರು. ಎರಡು ವಾರಕ್ಕೆ ಶಿಕ್ಷಣ ಕಚೇರಿಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಹೆಸರು ಹಾಕಿದವನನ್ನು ಕರೆಸಿ ಎಂದರಂತೆ. ಅದರ ಹಿಂದಿನ ದಿನ ಅಧ್ಯಕ್ಷರು ಅಂಗಡಿಗೆ ಬಂದಿದ್ದರು. ಏನೂ ಕೊಳ್ಳಲಿಲ್ಲ. ನನ್ನ ಮುಂದೆ ನಿಂತು ಸುಮ್ಮನೆ ಹೇಳಿದರು: "ಪೇಪರ್‌ನೋರಿಗೆ ಇಂಥಾ ಸುದ್ದಿ ಅಂದ್ರ ಬಾಳ ಇಷ್ಟಪಾ. ಯಾರು ಹಾಕಿದ್ರು, ಯಾವ ಅಂಗಡಿ, ಯಾವ ಕೇರಿ, ಫೋಟೋ ಸಮೇತ ಹಾಕ್ತಾರ. ಆಮ್ಯಾಲೆ ಈ ಅಂಗಡ್ಯಾಗ ಮದುವಿ ಕೊಡ ಯಾರು ಕೊಳ್ತಾರ ನೀನ ಹೇಳು." ಗಲ್ಲೆಯ ಮೇಲೆ ಕೂತ ಸಾವ್ಕಾರರು ನಮ್ಮ ಕಡೆ ನೋಡಿ ಮತ್ತೆ ಪೇಪರಿಗೆ ತಲೆ ಹಾಕಿದರು.

ವಿಚಾರಣೆ ಶಿಕ್ಷಕರ ಕೊಠಡಿಯಲ್ಲಿ ನಡೆಯಿತು. ಮೇಜಿನ ಆಚೆ ಅಧಿಕಾರಿ, ಹೆಡ್ ಮಾಸ್ತರು, ಅಧ್ಯಕ್ಷರು. ಈಚೆ ಟೀಚರ್, ನೋಟ್‌ಬುಕ್ ಎದೆಗವಚಿಕೊಂಡ ತಂಗಿ, ನಾನು. ಮೇಜಿನ ಮೇಲೆ ಎರಡು ತಾಟು ಬೋರಲಾಗಿದ್ದವು. ಅಧಿಕಾರಿ ಕೆಟ್ಟವರಲ್ಲ. ಸತ್ಯ ಹೇಳಲು ನನಗೆ ಎರಡು ಸಲ ದಾರಿ ಮಾಡಿಕೊಟ್ಟರು.

"ಈ ಚುಕ್ಕಿ ನೀನ ಹಾಕಿದ್ದೇನಪ್ಪಾ?"

"ಹೌದ್ರಿ."

"ಯಾರಾದರೂ ಹಾಕು ಅಂತ ಹೇಳಿದ್ರಾ? ಹೆದರಬೇಡ, ಹೇಳು."

ಗೋಡೆಯ ಮೇಲೆ ಎಲ್ಲರೂ ಸಮಾನರು ಎಂದು ನೀಲಿ ಬಣ್ಣದಲ್ಲಿ ಬರೆದಿತ್ತು. ಬರೆದವನು ಗೆರೆ ಎಳೆದುಕೊಂಡಿರಲಿಲ್ಲ, ಅಕ್ಷರಗಳು ಕೆಳಗೆ ಇಳಿದಿದ್ದವು. ನಾನು ಅದನ್ನೇ ನೋಡುತ್ತಾ ಹೇಳಿದೆ.

"ಯಾರೂ ಹೇಳಿಲ್ರಿ. ಅದು ನಮ್ಮ ಎಣಿಕಿ ಗುರ್ತರೀ. ಮೂವತ್ತೈದು ಮೂವತ್ತೈದರ ಕಟ್ಟು ಬಂದಿದ್ವು. ಮೊದಲನೇ ಕಟ್ಟು ಮುಗೀತು ಅಂತ ಗೊತ್ತಾಗಲಿ ಅಂತ ಹಾಕಿದ್ದೆ."

"ಈ ಹುಡುಗಿ ಬೇರೆ ಹೇಳ್ತಾಳಲ್ಲ?"

"ಸಣ್ಣ ಹುಡುಗಿ ರೀ. ತಪ್ಪು ತಿಳ್ಕಂಡಾಳ."

ತಂಗಿ ಆಗ ನನ್ನ ಕಡೆ ತಿರುಗಿದಳು. "ಅಣ್ಣಾ, ಅವತ್ತು ಮನ್ಯಾಗ ಗೊತ್ತಿಲ್ಲ ಅಂದಿದ್ದಿಯಲ್ಲ? ಇವತ್ತು ಗುರ್ತು ಅಂತೀಯಲ್ಲ?" ಎಂದಳು. ಅವಳ ದನಿ ಜಗಳದ್ದಾಗಿರಲಿಲ್ಲ. ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ತೋರಿಸಿ ಎಂದು ಮಾಸ್ತರರನ್ನು ಕೇಳುವಂತಿತ್ತು. ನಾನು, "ನೀ ಸುಮ್ನಿರು" ಎಂದೆ.

ಹೇಳಿಕೆ ಬರೆದುಕೊಂಡು ಸಹಿ ಮಾಡಿಸಿಕೊಂಡರು. ಸಹಿ ಚೆನ್ನಾಗಿದೆ ಎಂದು ಅಧಿಕಾರಿ ಮೆಚ್ಚಿದರು. ಚಹಾ ಬಂತು. ಅಧ್ಯಕ್ಷರು ಒಂದು ಕಾಗದದ ಕಪ್ಪನ್ನು ತಾವೇ ಎತ್ತಿ ನನ್ನ ಕೈಗೆ ಕೊಟ್ಟರು. ನನ್ನ ಹುಟ್ಟಿನಲ್ಲಿ ಆ ಮನೆತನದವರು ನನಗೆ ಕೈಯಾರೆ ಏನನ್ನಾದರೂ ಕೊಟ್ಟದ್ದು ಅದೇ ಮೊದಲು. ನಾನು ಕುಡಿದೆ. ತಂಗಿ ಕುಡಿಯಲಿಲ್ಲ. ಟೀಚರ್ ಅವಳ ಭುಜದ ಮೇಲೆ ಕೈಯಿಟ್ಟು ಹೊರಗೆ ಕರೆದುಕೊಂಡು ಹೋದರು.

ಮುಂದಿನದೆಲ್ಲ ಬೇಗ ಆಯಿತು. ಟೀಚರನ್ನು ಹರಪನಹಳ್ಳಿ ಕಡೆಯ ಯಾವುದೋ ಶಾಲೆಗೆ ನಿಯೋಜನೆಯ ಮೇಲೆ ಕಳಿಸಿದರು. ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿ ಅದರಲ್ಲಿ ಸೀಮೆಸುಣ್ಣ ಇಡತೊಡಗಿದರು. ತಂಗಿ ಶಾಲೆಯ ಗೇಟು ದಾಟಿದರೆ, "ಚುಕ್ಕಿ ಬಂತು ನೋಡ್ರಲೇ" ಎಂದು ಹುಡುಗರು ಕೂಗುತ್ತಿದ್ದರು. ಅದನ್ನೂ ತಡೆದುಕೊಂಡಳು. ಆಮೇಲೆ ಹೆಡ್ ಮಾಸ್ತರು, ಸುಳ್ಳು ದೂರಿನಿಂದ ಶಾಲೆಯ ಹೆಸರು ಕೆಟ್ಟಿದೆ, ತಪ್ಪೊಪ್ಪಿಗೆ ಬರೆದುಕೊಟ್ಟು ತರಗತಿಗೆ ಬಾ ಎಂದರು. ಅವಳು ಬರೆಯಲಿಲ್ಲ. ಮನೆಯಲ್ಲಿ ಕೂತಳು.

"ನಾ ಬರದಿದ್ದು ಸುಳ್ಳಲ್ಲ ಅಣ್ಣಾ. ನೀ ಬರ್ಕೊಡು, ನೀ ಹೇಳಿದ್ದು ಸುಳ್ಳು ಅಂತ. ನಾಳೆನ ಸಾಲಿಗೆ ಹೋಗ್ತೀನಿ" ಎಂದಳು.

"ಬರೀತೀನಿ. ಈ ವಾರ ಮದುವಿ ಆರ್ಡರ್ ಬಾಳ ಅದಾವ" ಎಂದೆ.

ಮುಂದಿನ ವಾರವೂ ಮದುವೆಗಳಿದ್ದವು. ಮೂರು ವಾರ ಅವಳು ಮನೆಯಲ್ಲೇ ಪುಸ್ತಕ ಹಿಡಿದು ಕೂತಿದ್ದಳು. ಹಾಜರಿ ಕಮ್ಮಿಯಾದರೆ ಹತ್ತನೇ ತರಗತಿಯ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೇಳಿ ಕಳಿಸಿದರು. ಕೇರಿಯಲ್ಲಿ ನಮ್ಮ ಮನೆಯಿಂದ ಹತ್ತನೆಯವರೆಗೆ ಬಂದವಳು ಅವಳೊಬ್ಬಳೇ. ಅವ್ವ ನನ್ನ ಮುಂದೆ ಕೂತು, "ಯಪ್ಪಾ, ಏನರ ಮಾಡು. ಅದು ಓದೂ ಕೂಸು" ಎಂದಳು.

ಆಗ ನಾನು ಮಾಡಿದ್ದು ಚುಕ್ಕಿಗಿಂತಲೂ, ಆ ಸುಳ್ಳು ಹೇಳಿಕೆಗಿಂತಲೂ ಕೆಟ್ಟದ್ದು. ಅವಳ ಹೆಸರಿನಲ್ಲಿ ನಾನೇ ತಪ್ಪೊಪ್ಪಿಗೆ ಬರೆದೆ. ತಿಳಿಯದೆ ದೂರು ಕೊಟ್ಟೆ, ಕ್ಷಮಿಸಬೇಕು ಎಂದು ಮುದ್ದಾದ ಅಕ್ಷರದಲ್ಲಿ ಬರೆದು ಕೆಳಗೆ ಅವಳ ಹೆಸರು ಹಾಕಿದೆ. ಮಂದಿಯ ಹೆಸರು ಹಾಕುವುದೇ ನನ್ನ ಕೆಲಸ, ಕೈ ತಡೆಯಲಿಲ್ಲ. ಹೆಡ್ ಮಾಸ್ತರರಿಗೆ ಕೊಟ್ಟು, "ಹುಡುಗಿಗೆ ಹೇಳಬ್ಯಾಡ್ರಿ ಸರ್" ಎಂದು ಕೈ ಮುಗಿದೆ. ಮನೆಗೆ ಬಂದು, "ಪತ್ರ ಬ್ಯಾಡಂತ, ನಾಳೆಯಿಂದ ಬಾ ಅಂದ್ರು" ಎಂದೆ. ಅವಳು ಆ ಸಂಜೆ ಲಂಗ ದಾವಣಿ ಇಸ್ತ್ರಿ ಮಾಡಿದ್ದನ್ನು ನಾನು ನೋಡಿದ್ದೇನೆ. ಇಸ್ತ್ರಿ ಪೆಟ್ಟಿಗೆ ಇಲ್ಲದ ಮನೆ ನಮ್ಮದು. ಚೊಂಬಿಗೆ ಕೆಂಡ ಹಾಕಿಕೊಂಡು ಮಾಡುತ್ತಿದ್ದಳು, ನಾನು ಅವಳದೇ ಹೆಸರು ಹಾಕಿಕೊಟ್ಟಿದ್ದ ಚೊಂಬು.

ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ, ಮಕ್ಕಳು ಸಂವಿಧಾನದ ಪೀಠಿಕೆ ಓದಿ ಮುಗಿಸಿದ ಮೇಲೆ, ಹೆಡ್ ಮಾಸ್ತರು ಮೈಕಿನಲ್ಲಿ ಆ ಪತ್ರವನ್ನು ಓದಿದರು. ಕೊನೆಯಲ್ಲಿ ಅವಳ ಹೆಸರು ಹೇಳಿ, ಮಕ್ಕಳೆಲ್ಲ ಇದರಿಂದ ಬುದ್ಧಿ ಕಲಿಯಬೇಕು ಎಂದರು. ತಂಗಿ ಸಾಲಿನಿಂದ ಹೊರಗೆ ಬಂದು, ಆ ಕಾಗದ ತೋರಿಸಿ ಎಂದು ಕೇಳಿದಳಂತೆ. ಅಕ್ಷರ ನೋಡಿದಳು. ತಿರುಗಿ ಸೀದಾ ಮನೆಗೆ ಬಂದಳು. ನಾನು ಅಂಗಡಿಯಿಂದ ಬರುವ ಹೊತ್ತಿಗೆ ಅವಳು ಮನೆಯಲ್ಲಿರಲಿಲ್ಲ. ಅವ್ವನ ಅಕ್ಕ ಹಡಗಲಿ ತಾಲ್ಲೂಕಿನಲ್ಲಿ, ಹೊಳಲಿನ ಕಡೆ ಒಂದು ಹಳ್ಳಿಯಲ್ಲಿದ್ದಾಳೆ. ಅಲ್ಲಿಗೆ ಬಸ್ಸು ಹತ್ತಿದ್ದಳು. ಪುಸ್ತಕಗಳನ್ನು ಒಯ್ದಿರಲಿಲ್ಲ. ಆ ಚೊಂಬು ಹೊಸ್ತಿಲ ಮೇಲೆ ಬೋರಲಾಗಿತ್ತು.

ಪರೀಕ್ಷೆಗೆ ಅರ್ಜಿ ತುಂಬುವ ದಿನಗಳು ಬಂದವು, ಹೋದವು. ನಾನು ಅಂಗಡಿಯಲ್ಲಿ ಕೂತು ಹೆಸರು ಹಾಕುತ್ತಿದ್ದೆ. ಮದುವೆಯ ಕೊಡವೊಂದಕ್ಕೆ ಮದುಮಗಳ ಹೆಸರಿನ ಬದಲು ತಂಗಿಯ ಹೆಸರು ಹೊಡೆದು ಸಾವ್ಕಾರರಿಂದ ಬೈಸಿಕೊಂಡೆ. ಆ ಕೊಡವನ್ನು ತಿರುಗಿ ಅಂಗಡಿಯ ಕಪಾಟಿನಲ್ಲಿ ಇಟ್ಟರು. ದಿನವೂ ಅದು ನನ್ನ ಕಣ್ಣ ಮುಂದೆ. ಒಂದು ದಿನ ತಡೆಯಲಾರದೆ ಕೂಡ್ಲಿಗಿಗೆ ಹೋಗಿ ಶಿಕ್ಷಣ ಕಚೇರಿಯಲ್ಲಿ ಎಲ್ಲವನ್ನೂ ಬರೆದುಕೊಟ್ಟೆ. ಚುಕ್ಕಿ ಹಾಕಿಸಿದ್ದು ಯಾರು, ಯಾಕೆ, ಸುಳ್ಳು ಹೇಳಿದ್ದು ನಾನು, ತಪ್ಪೊಪ್ಪಿಗೆ ಬರೆದದ್ದು ನಾನು. ಅಲ್ಲಿದ್ದ ಗುಮಾಸ್ತರು ಓದದೆ ಸೀಲು ಹೊಡೆದು ನಕಲು ಕೊಟ್ಟರು. ಆ ನಕಲನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಹಡಗಲಿ ಕಡೆ ಹೋದೆ.

ತಂಗಿ ಮಲ್ಲಿಗೆ ತೋಟದಲ್ಲಿ ಮೊಗ್ಗು ಬಿಡಿಸುತ್ತಿದ್ದಳು. ಬಿಸಿಲೇರಿದರೆ ಮೊಗ್ಗು ಅರಳಿ ಕೆಲಸಕ್ಕೆ ಬಾರದು, ಅದಕ್ಕೇ ಕೈ ನಿಲ್ಲಿಸಲಿಲ್ಲ. ಸೊಂಟಕ್ಕೆ ಕಟ್ಟಿದ ಉಡಿಯಲ್ಲಿ ಬಿಳಿಯ ಮೊಗ್ಗು ತುಂಬಿತ್ತು. ಬೆರಳ ತುದಿಗಳು ಕಪ್ಪಾಗಿದ್ದವು. ನಾನು ಕಾಗದ ಚಾಚಿದೆ. ಒಂದು ಕೈಯಲ್ಲಿ ಹಿಡಿದು ಓದಿದಳು, ಇನ್ನೊಂದು ಕೈ ಗಿಡದಲ್ಲೇ ಇತ್ತು.

"ಅರ್ಜಿ ಕಟ್ಟೋದು ಮುಗಿದು ಎಷ್ಟು ದಿನ ಆತು?"

"ಇಪ್ಪತ್ತು ದಿನ ಆತು."

"ಮತ್ತ ಇದನ್ನ ಯಾರಿಗೆ ತಂದಿ?"

"ಮುಂದಿನ ವರ್ಷ ಖಾಸಗಿಯಾಗಿ ಕಟ್ಟಬಹುದಂತ ತಂಗಿ. ನಾ ಕೇಳ್ಕಂಡು ಬಂದೀನಿ."

"ನಾ ಯಾಕ ಖಾಸಗಿ ಕಟ್ಲಿ? ನಾ ಏನು ಕದ್ದೀನೇನು? ಸಾಲಿನ್ಯಾಗ ಕುಂತು ಓದಾಕಿ ನಾ." ಕಾಗದವನ್ನು ಮಡಿಸಿ ನನ್ನ ಕೈಗೇ ಕೊಟ್ಟಳು. "ಕಚೇರ್ಯಾಗ ಇದನ್ನ ಯಾರು ಓದ್ತಾರ ಅಣ್ಣಾ? ತಾಟು ಇನ್ನೂ ಅವ ಅದಾವಿಲ್ಲೋ? ಕೇರಿ ಹುಡುಗ್ರು ಇವತ್ತೂ ಅದರಾಗ ಉಣ್ತಾರಿಲ್ಲೋ?"

"ಅಳಸಾಕ ಬರಂಗಿಲ್ಲ ತಂಗಿ. ಸ್ಟೀಲು."

"ಅಳಸಬ್ಯಾಡ. ಉಳಿದವಕ್ಕೂ ಹಾಕು. ಎಂಬತ್ತೈದಕ್ಕೂ. ಯಾರದು ಯಾವುದು ಅಂತ ಆ ಅಡಿಗಿಯಾಕಿಗೂ ಗೊತ್ತಾಗಬಾರದು. ಅವತ್ತು ಬಂದು ಕರಿ, ಬರ್ತೀನಿ. ಹತ್ತನೇ ಕ್ಲಾಸು ಮತ್ತ ಮೊದ್ಲಿಂದ ಓದ್ತೀನಿ."

ಅಷ್ಟು ಸುಲಭದ ಕೆಲಸ. ಎಂಬತ್ತೈದು ಪೆಟ್ಟು. ಬಸ್ಸಿನಲ್ಲಿ ಬರುವಾಗ ನನ್ನ ಕೈ ತೊಡೆಯ ಮೇಲೆ ತಾನಾಗಿ ಹೊಡೆದುಕೊಳ್ಳುತ್ತಿತ್ತು.

ಉಳಿದ ತಾಟುಗಳಿಗೂ ಚುಕ್ಕಿ ಹಾಕಲು ಕೊಡಿ ಎಂದು ಹೆಡ್ ಮಾಸ್ತರರನ್ನು ಕೇಳಿದೆ. "ನಿನ್ನ ಕೈಯಾಗ ತಾಟು ಕೊಟ್ರ ಊರವರು ಊಟ ಬಿಡಿಸ್ತಾರ" ಎಂದರು. ಆ ತಾಟುಗಳ ಮೇಲಿನ ಶಾಲೆಯ ಹೆಸರಷ್ಟೂ ನನ್ನ ಕೈಯದೇ ಎಂಬುದು ಅವರಿಗೆ ನೆನಪಿಗೆ ಬರಲಿಲ್ಲ, ಇಲ್ಲವೆ ಬಂದರೂ ಲೆಕ್ಕಕ್ಕೆ ಬರಲಿಲ್ಲ. ಕೊನೆಗೆ ಅಡುಗೆಯ ಸಹಾಯಕಿಯನ್ನು ಹಿಡಿದೆ. ಕುರಿ ಕಾಯುವ ಮನೆಯ ಮುದುಕಿ, ಊರಿನವಳೇ. ಮೊದಲು ಬೈದಳು. ಆಮೇಲೆ, "ನಿನ್ನ ತಂಗಿ ದಿನಾ ನನ್ನ ಕೂಡ ಸಾಲಿ ಗಿಡಕ್ಕ ನೀರು ಹೊತ್ತು ಹಾಕ್ತಿದ್ಲು. ಅದು ಸುಳ್ಳಾಡೋ ಕೂಸಲ್ಲ ಅಂತ ನನಗ ಅವತ್ತ ಗೊತ್ತಿತ್ತು, ಬಾಯಿ ಬಿಡ್ಲಿಲ್ಲ ನೋಡು" ಎಂದಳು. ನನ್ನ ಹಾಗೆಯೇ ನುಂಗಿಕೊಂಡವಳು. ವಾರದ ರಜೆಯ ಬದಲು ನಾನು ಮಧ್ಯಾಹ್ನದ ರಜೆ ಕೇಳಿಕೊಂಡು ಊರಿಗೆ ಬರುತ್ತಿದ್ದೆ. ತಾಟು ತೊಳೆದಾದ ಮೇಲೆ ಅವಳು ಶಾಲೆಯ ಹಿಂದಿನ ಗೋಡೆಯ ಮೇಲಿಂದ ಎರಡು ಮೂರು ತಾಟು ನೀಡುತ್ತಿದ್ದಳು. ನಾನು ಜಾಲಿಯ ನೆರಳಲ್ಲಿ ಕೂತು ಹೊಡೆದು ತಿರುಗಿ ಕೊಡುತ್ತಿದ್ದೆ. ನಾಲ್ಕು ಸಲಕ್ಕೆ ಹನ್ನೊಂದು ತಾಟಾದವು.

ಐದನೆಯ ಸಲ ಹೋದಾಗ ಮುದುಕಿ ಬರಿಗೈಯಲ್ಲಿ ಗೋಡೆಯ ಹತ್ತಿರ ಬಂದಳು. "ಬ್ಯಾಡ ಬಿಡಪ್ಪಾ. ಬಡಿಸುವಾಗ ಕಲಸಿ ಹೋದ್ವು. ಊರ ಹುಡುಗನ ತಾಟಿನ್ಯಾಗ ಚುಕ್ಕಿ ಕಂಡು ಅವರವ್ವ ಗದ್ದಲ ಮಾಡಿದ್ಲು. ನನ್ನ ಕೆಲಸ ತಗದ್ರು. ಈಗ ಊರ ಹುಡುಗ್ರೆಲ್ಲ ಮನಿಯಿಂದ ತಾಟು ತರ್ತಾರ. ಸಾಲಿ ತಾಟಿನ್ಯಾಗ ಉಣ್ಣಾರು ನಿಮ್ಮ ಕೇರಿ ಮಕ್ಕಳು ಅಷ್ಟ."

ಚುಕ್ಕಿಯಿಂದ ಬೇರೆ ಮಾಡಿದ್ದ ಮಕ್ಕಳನ್ನು, ಚುಕ್ಕಿ ಅಳಿಸಲು ಹೋಗಿ ಇನ್ನಷ್ಟು ಬೇರೆ ಮಾಡಿದೆ. ಈಗ ತಾಟು ಬೋರಲು ಹಾಕಿ ನೋಡುವ ಕಷ್ಟವೂ ಯಾರಿಗೂ ಇಲ್ಲ, ದೂರದಿಂದಲೇ ಗೊತ್ತಾಗುತ್ತದೆ. ಒಬ್ಬ ಮುದುಕಿಯ ಕೆಲಸವನ್ನೂ ತೆಗೆಸಿದೆ. ತಂಗಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಈ ಸಲ ಏನನ್ನೂ ನುಂಗಲಿಲ್ಲ. ಆ ಕಡೆ ಯಾರೋ ಮೊಗ್ಗು ಅಳೆಯುತ್ತಾ ಎಣಿಸುತ್ತಿದ್ದುದು ಕೇಳುತ್ತಿತ್ತು.

"ಹಂಗಾರ ನಾ ಎಲ್ಲಿಗೆ ಬರ್ಲಿ ಅಣ್ಣಾ?" ಎಂದಳು.

ದೊಡ್ಡವ್ವ ಅವ್ವನಿಗೆ ಹೇಳಿ ಕಳಿಸಿದ್ದಾಳೆ, ಹುಡುಗಿ ಓದುವುದಿಲ್ಲ ಎಂದಾದರೆ ಒಂದು ಕಡೆಯಿಂದ ಹೆಣ್ಣು ಕೇಳಿದ್ದಾರೆ ಎಂದು. ಅವ್ವ ಹೂಂ ಎಂದಿಲ್ಲ, ಉಹೂಂ ಎಂದೂ ಇಲ್ಲ. ದಿನವೂ ನನ್ನ ಮುಖ ನೋಡುತ್ತಾಳೆ. ಇದನ್ನು ಓದಿದವರಿಂದ ಅಂಗಡಿಗೆ ನನ್ನ ಕೇರಿಯ ಸುದ್ದಿ ಮುಟ್ಟಬಹುದು, ಸಾವ್ಕಾರರು ನನ್ನನ್ನು ಬಿಡಿಸಬಹುದು. ಅದಕ್ಕೆ ಹೆದರಿಯೇ ಇಷ್ಟೆಲ್ಲ ಮಾಡಿದೆ. ಈಗ ಆ ಹೆದರಿಕೆಗೆ ಕಾಯಲು ಏನೂ ಉಳಿದಿಲ್ಲ.

ಈ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟುವ ಅರ್ಜಿಯನ್ನು ತಂದು ಮನೆಯಲ್ಲಿಟ್ಟಿದ್ದೇನೆ. ಅಪ್ಪನ ಹೆಸರು, ಅವ್ವನ ಹೆಸರು, ಊರು, ಹುಟ್ಟಿದ ದಿನ, ಎಲ್ಲವನ್ನೂ ತುಂಬಿದ್ದೇನೆ. ಕೊನೆಯ ದಿನಕ್ಕೆ ಒಂದು ವಾರ ಉಳಿದಿದೆ. ಕೆಳಗೆ ಅವಳು ಸಹಿ ಮಾಡಬೇಕಾದ ಜಾಗ ಖಾಲಿಯಿದೆ. ನಾಳೆ ಮೊದಲ ಬಸ್ಸಿಗೆ ಹಡಗಲಿ ಕಡೆ ಹೋಗುತ್ತೇನೆ. ಅವಳು ಮೊಗ್ಗಿನಿಂದ ಕೈ ತೆಗೆಯದೆ ಇರಬಹುದು. ಕಾಗದ ಹಾಗೆಯೇ ತಿರುಗಿ ಬರಬಹುದು. ಬಂದರೂ ಆ ಜಾಗದಲ್ಲಿ ನಾನು ಅವಳ ಹೆಸರು ಹಾಕುವುದಿಲ್ಲ.